ಚಾಫ್ ಕಟರ್ ಅಲುಗಾಡ್ತಿದೆಯಾ? ಬೋಲ್ಟ್ ಬಿಗಿ ಮಾಡೋ ಮೊದಲು ನೆಲ ನೋಡಿ

ಈ ವಾರ ಬೆಳೆ, ಗೊಬ್ಬರದ ಮಾತು ಬಿಟ್ಟು ಕೊಟ್ಟಿಗೆಯ ನೆಲದ ಬಗ್ಗೆ ಮಾತಾಡೋಣ. ಮೇವು ಕತ್ತರಿಸುವ ಯಂತ್ರವನ್ನು ಕಾಂಕ್ರೀಟ್ ನೆಲಕ್ಕೆ ಆಂಕರ್ ಬೋಲ್ಟ್ ಹಾಕಿ ಕೂರಿಸೋದು ಹೇಗೆ ಅನ್ನೋದು ವಿಷಯ.

ಹೋದ ವರ್ಷ ನಾನೇ ಒಂದು ತಪ್ಪು ಮಾಡಿದೆ. ಗಂಜಲದ ಕಾಲುವೆ ಪಕ್ಕ ಜಾಗ ಖಾಲಿ ಇತ್ತು ಅಂತ ಯಂತ್ರವನ್ನ ಅಲ್ಲೇ ಇಟ್ಟು ನಾಲ್ಕು ಬೋಲ್ಟ್ ಬಿಗಿದೆ. ಹದಿನೈದು ದಿನ ಚೆನ್ನಾಗೇ ಓಡ್ತು. ಒಂದು ಸಂಜೆ ಜೋಳದ ದಂಟು ಕೊಡ್ತಿದ್ದಾಗ ಯಂತ್ರ ಒಂದು ಕಡೆ ವಾಲಿಬಿಡ್ತು. ನಮ್ಮ ಮನೆಯವರ ಕೈ ಬ್ಲೇಡಿನಿಂದ ಒಂದು ಗೇಣು ದೂರದಲ್ಲಿತ್ತು ಅಷ್ಟೆ. ನೋಡಿದ್ರೆ ಬೋಲ್ಟ್ ಮುರಿದಿರಲಿಲ್ಲ. ಕಾಲುವೆ ಅಂಚಿನ ಕಾಂಕ್ರೀಟೇ ಹೆಂಚಿನ ಚೂರಿನ ಹಾಗೆ ಎದ್ದು ಬಂದಿತ್ತು.

ಯಾಕೆ ಹೀಗಾಯ್ತು? ಆಂಕರ್ ಬೋಲ್ಟಿನ ತುದಿ ಕೋನಿನ ಆಕಾರದಲ್ಲಿರುತ್ತೆ, ಅದರ ಸುತ್ತ ಒಂದು ತಗಡಿನ ತೋಳು. ಮೇಲೆ ನಟ್ ಬಿಗಿದಂತೆ ಕೋನು ಮೇಲಕ್ಕೆ ಎಳೆದುಕೊಂಡು ತೋಳನ್ನ ಅಗಲಿಸುತ್ತೆ, ತೋಳು ತೂತಿನ ಗೋಡೆಯನ್ನ ಒತ್ತಿ ಹಿಡಿಯುತ್ತೆ. ಅಂದ್ರೆ ಹಿಡಿತ ಇರೋದು ಸುತ್ತಲಿನ ಕಾಂಕ್ರೀಟಿನಲ್ಲಿ. ಅಂಚಿಗೆ ಹತ್ತಿರ ಹಾಕಿದ್ರೆ ಆ ಒತ್ತಡಕ್ಕೇ ಅಂಚು ಸೀಳುತ್ತೆ. ಬೋಲ್ಟಿನ ದಪ್ಪದ 10 ಪಟ್ಟು ಅಂಚಿನಿಂದ ದೂರ, ಬೋಲ್ಟ್‌ನಿಂದ ಬೋಲ್ಟಿಗೂ ಅಷ್ಟೇ ದೂರ ಅನ್ನೋದು ಕೆಲಸಕ್ಕೆ ಬರೋ ಲೆಕ್ಕ. 12 ಎಂಎಂ ಬೋಲ್ಟಿಗೆ 120 ಎಂಎಂ, ಹತ್ತಿರ ಹತ್ತಿರ 5 ಇಂಚು.

ಎರಡನೇದು ನೆಲದ ದಪ್ಪ. ನಮ್ಮ ಕೊಟ್ಟಿಗೆಗಳಲ್ಲಿ ದಪ್ಪ ಕಲ್ಲು ಜೋಡಿಸಿ ಮೇಲೆ 2-3 ಇಂಚು ಕಾಂಕ್ರೀಟ್ ಹಾಕಿರ್ತಾರೆ. 12 ಎಂಎಂ ಆಂಕರ್ ಒಳಗೆ ಹೋಗೋದೇ ಎರಡೂವರೆ-ಮೂರು ಇಂಚು, ಕೆಳಗೆ ಹೆಚ್ಚುಕಡಿಮೆ ಅಷ್ಟೇ ಕಾಂಕ್ರೀಟ್ ಉಳಿದಿರಬೇಕು. ಮೇಲಿನ ನುಣುಪಾದ ಗಾರೆಯನ್ನ ಲೆಕ್ಕಕ್ಕೆ ಹಿಡೀಬೇಡಿ. ಅನುಮಾನ ಇದ್ರೆ ಒಂದು ಮೂಲೆಯಲ್ಲಿ ಸಣ್ಣ ಬಿಟ್ಟಿನಿಂದ ತೂತು ಕೊರೆದು ನೋಡಿ. ಬೂದು ಬಣ್ಣದ ಪುಡಿ ಬರೋವರೆಗೂ ಕಾಂಕ್ರೀಟ್. ಡ್ರಿಲ್ ದಿಢೀರನೆ ಕುಸಿದು ಮಣ್ಣು ಬಂತು ಅಂದ್ರೆ ಆ ನೆಲ ನಂಬೋ ಹಾಗಿಲ್ಲ. ಇಟ್ಟಿಗೆ, ಹಾಲೋ ಬ್ಲಾಕಿನ ಗೋಡೆಗೂ ಈ ಬೋಲ್ಟ್ ಬೇಡ, ಅಗಲಿಸೋ ಒತ್ತಡಕ್ಕೆ ಇಟ್ಟಿಗೆಯೇ ಒಡೆಯುತ್ತೆ.

ನೆಲ ಗಟ್ಟಿ ಇದ್ದರೆ ತೂತಿನ ಕೆಲಸ. ಹ್ಯಾಮರ್ ಡ್ರಿಲ್ ಬೇಕು. ತೂತಿನ ಅಳತೆ ಆಂಕರಿನ ಡಬ್ಬಿ ಮೇಲೆ ಇರುತ್ತೆ, ಅದನ್ನೇ ನಂಬಿ. ಬೋಲ್ಟಿನುದ್ದಕ್ಕೂ ಹೊರ ತೋಳು ಇರೋ ನಮೂನೆಗೆ ಬೋಲ್ಟಿಗಿಂತ ದೊಡ್ಡ ತೂತು, ತುದಿಯಲ್ಲಿ ಮಾತ್ರ ಕ್ಲಿಪ್ ಇರೋ ವೆಜ್ ನಮೂನೆಗೆ ಬೋಲ್ಟಿನಷ್ಟೇ ತೂತು. ಅಂಗಡಿಯಲ್ಲಿ ಇದನ್ನ ಕೇಳದೆ ಬಿಟ್ ತರಬೇಡಿ. ಬೇಕಾದ ಆಳಕ್ಕೆ ಬಿಟ್ಟಿಗೆ ಟೇಪ್ ಸುತ್ತಿಕೊಂಡು, ಅದಕ್ಕಿಂತ ಅರ್ಧ ಇಂಚು ಹೆಚ್ಚು ಕೊರೀರಿ.

ಎಲ್ಲರೂ ಬಿಡೋ ಕೆಲಸ ಅಂದ್ರೆ ಪುಡಿ ತೆಗೆಯೋದು. ಪುಡಿ ಉಳಿದ್ರೆ ತೋಳು ಗೋಡೆ ಕಚ್ಚೋದಿಲ್ಲ, ಜಾರುತ್ತೆ. ಸೈಕಲ್ ಪಂಪಿಗೆ ಸಣ್ಣ ಪೈಪ್ ಸಿಕ್ಕಿಸಿ ತೂತಿನ ತಳದಿಂದ ಊದಿ, ಬ್ರಷ್ ಆಡಿಸಿ, ಮತ್ತೆ ಊದಿ. ಬಾಯಲ್ಲಿ ಊದಬೇಡಿ, ಪುಡಿ ಕಣ್ಣಿಗೇ ಬರುತ್ತೆ (ಇದೂ ಸ್ವಂತ ಅನುಭವ!).

ಬಡಿಯೋವಾಗ ನಟ್ಟನ್ನ ಬೋಲ್ಟಿನ ತುದಿಗೆ ಸಮ ಇಟ್ಟುಕೊಳ್ಳಿ, ಇಲ್ಲಾಂದ್ರೆ ಮರೆ ಕೆಡುತ್ತೆ. ಬಿಗಿಯೋಕೆ ಸಾಧಾರಣ ಸ್ಪ್ಯಾನರ್ ಸಾಕು, ಪೈಪ್ ಹಾಕಿ ಎಳೀಬೇಡಿ. ತಿರುಗಿಸಿದಷ್ಟೂ ಬೋಲ್ಟ್ ಮೇಲೆ ಬರ್ತಾನೇ ಇದ್ರೆ ತೂತು ದೊಡ್ಡದಾಗಿದೆ ಅಥವಾ ಕಾಂಕ್ರೀಟ್ ಸಡಿಲ ಇದೆ ಅಂತ ಅರ್ಥ. ಆಗ ತಂತಿ, ಮೊಳೆ ತುರುಕಿ ಬಿಗಿ ಮಾಡೋ ಉಪಾಯ ಬೇಡವೇ ಬೇಡ. ಕಬ್ಬಿಣದ ಸರಳು ತಗುಲಿದ್ರೂ ಹಠ ಹಿಡಿಯದೆ ಜಾಗ ಬದಲಿಸಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಏನಂದ್ರೆ, ಮೋಟಾರಿನ ಚಾಫ್ ಕಟರಿಗೆ ಈ ಆಂಕರ್ ಎರಡನೇ ದರ್ಜೆಯ ಉಪಾಯ. ದಿನಾ ಅದುರೋ ಯಂತ್ರ ನಟ್ಟನ್ನ ಸಡಿಲ ಮಾಡ್ತಾನೇ ಇರುತ್ತೆ. ಕೈಯಿಂದ ತಿರುಗಿಸೋ ಯಂತ್ರ, ಸ್ಟಾರ್ಟರ್ ಡಬ್ಬಿಯ ಸ್ಟ್ಯಾಂಡ್, ಗೇಟಿನ ಕಂಬದ ತಳ, ಇಂಥವಕ್ಕೆ ಧಾರಾಳವಾಗಿ ಹಾಕಿ. ಮೋಟಾರ್ ಯಂತ್ರಕ್ಕೆ ಬೇರೆ ಕಟ್ಟೆಯನ್ನೇ ಹಾಕೋದು ಒಳ್ಳೇದು. ನಾನು ಕೊನೆಗೆ ಮಾಡಿದ್ದೂ ಅದೇ. ಯಂತ್ರದ ಕಾಲುಗಳಿಗಿಂತ ಸುತ್ತ 6 ಇಂಚು ಅಗಲ, 10 ಇಂಚು ಆಳದ ಗುಂಡಿ ತೆಗೆದು, 1 ಭಾಗ ಸಿಮೆಂಟ್, ಒಂದೂವರೆ ಮರಳು, 3 ಜಲ್ಲಿ ಕಲಸಿ ಹಾಕಿದೆ. ಕೆಳಗೆ ಬಗ್ಗಿಸಿದ ಫೌಂಡೇಶನ್ ಬೋಲ್ಟುಗಳನ್ನ ಹಲಗೆಯ ತೂತಿಗೆ ಸಿಕ್ಕಿಸಿ, ಅಳತೆ ತಪ್ಪದಂತೆ ಹಸಿ ಕಾಂಕ್ರೀಟಿನಲ್ಲೇ ನಿಲ್ಲಿಸಿದ್ದೆ. 10 ದಿನ ಗೋಣಿಚೀಲ ಹೊದಿಸಿ ನೀರು ಹಾಕಿ, 28 ದಿನ ಆದ್ಮೇಲೆ ಯಂತ್ರ ಕೂರಿಸಿದೆ.

ಆಂಕರೇ ಹಾಕೋದಾದ್ರೆ ಸ್ಟೇನ್‌ಲೆಸ್ ಸ್ಟೀಲಿಂದು ಕೇಳಿ. ಗಂಜಲ ಬೀಳೋ ಜಾಗದಲ್ಲಿ ಬಿಳಿ ಸತುವಿನ ಲೇಪ ಬೇಗ ಹೋಗಿ ತುಕ್ಕು ಹಿಡಿಯುತ್ತೆ. ಕೂರಿಸಿದ ಮಾರನೇ ದಿನ, ಒಂದು ವಾರ ಬಿಟ್ಟು, ಆಮೇಲೆ ತಿಂಗಳಿಗೊಮ್ಮೆ ನಟ್ ನೋಡಿ. ಸ್ಪ್ಯಾನರ್ ಕೈಗೆ ತಗೊಳ್ಳೋ ಮೊದಲು ಮೇನ್ ಸ್ವಿಚ್ ಆಫ್ ಮಾಡಿರಬೇಕು.