ಪದ ಮುಗಿಯುವ ಮೊದಲೇ ಉತ್ತರ

ಅಂತರಜಾಲದಲ್ಲಿ ಲೇಖನ ಪ್ರಕಟಿಸುವವರು ಅದರ ವಿಷಯವನ್ನು ಸೂಚಿಸಲು ‘ಟ್ಯಾಗ್’ ಎಂಬ ಪದಗಳನ್ನು ಸೇರಿಸುವುದುಂಟು. ಒಬ್ಬರು ‘ಭೌತಶಾಸ್ತ್ರ’ವೆಂದೂ ಇನ್ನೊಬ್ಬರು ‘ಭೌತವಿಜ್ಞಾನ’ವೆಂದೂ ಬರೆದರೆ ಒಂದೇ ವಿಷಯದ ಲೇಖನಗಳು ಚದರಿಹೋಗುವುವು. ಆದುದರಿಂದ ‘ಭೌ’ ಎಂದು ಒತ್ತಿದೊಡನೆಯೇ, ಈಗಾಗಲೇ ಬಳಕೆಯಲ್ಲಿರುವ ಪದಗಳನ್ನು ತಂತ್ರಾಂಶವು ನಮ್ಮ ಮುಂದಿಡಬೇಕು.

ಇದು ಹೇಗೆ ನಡೆಯುವುದೆಂಬುದನ್ನು ನೋಡೋಣ. ‘ಭೌ’ ಎಂಬ ಅಕ್ಷರವೂ, ಹತ್ತು ಪದಗಳು ಸಾಕೆಂಬ ಮಿತಿಯೂ ದೂರದ ಗಣಕಕ್ಕೆ, ಅಂದರೆ ಸರ್ವರಿಗೆ, ಹೋಗುತ್ತವೆ. ಅಲ್ಲಿಯ ಪದಗಳು ನಿಘಂಟಿನಂತೆ ಅಕಾರಾದಿಯಾಗಿದ್ದರೆ, ಹುಡುಕುವ ಭಾಗವನ್ನು ಪ್ರತಿಸಲವೂ ಅರ್ಧಕ್ಕಿಳಿಸುತ್ತ ಹೋಗಬಹುದು; 10 ಲಕ್ಷ ಪದಗಳಿದ್ದರೂ ಸುಮಾರು 20 ಹೋಲಿಕೆಗಳು ಸಾಕು.

ಹುಡುಕುವುದಕ್ಕಿಂತ ಪ್ರಯಾಣಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಸರ್ವರು 10,000 ಕಿಲೋಮೀಟರು ದೂರದಲ್ಲಿದ್ದರೆ ಹೋಗಿಬರಲು 0.1 ಸೆಕೆಂಡಾದರೂ ಬೇಕು. ಅಷ್ಟರಲ್ಲಿ ನಾವು ಮುಂದಿನ ಅಕ್ಷರವನ್ನು ಒತ್ತಿರಬಹುದು; ದಾರಿಯಲ್ಲಿ ತಡವಾದ ಹಳೆಯ ಉತ್ತರವು ಹೊಸದರ ಬಳಿಕ ಬಂದು ಅದರ ಸ್ಥಾನವನ್ನು ಆಕ್ರಮಿಸಬಹುದು. ಆಗ ತಪ್ಪು ಟ್ಯಾಗು ಸೇರುವ ಅಪಾಯವಿದೆ. ಆದಕಾರಣ ಪ್ರತಿ ಉತ್ತರದಲ್ಲಿಯೂ ಅದು ಯಾವ ಪ್ರಶ್ನೆಗೆ ಬಂದುದೆಂಬ ಗುರುತಿರಬೇಕು. ಈಗ ಒತ್ತಿರುವ ಅಕ್ಷರಗಳೊಡನೆ ಆ ಗುರುತು ಹೊಂದದಿದ್ದರೆ ಉತ್ತರವನ್ನು ಕೈಬಿಡಬೇಕು.

ಸರ್ವರು 2,000 ಕಿಲೋಮೀಟರು ದೂರದಲ್ಲಿದ್ದರೆ ಎಷ್ಟು ಕಾಲ ಬೇಕಾದೀತೆಂಬುದನ್ನು ವಿದ್ಯಾರ್ಥಿಗಳು ಲೆಕ್ಕಹಾಕಿ ನೋಡಬಹುದು.