ಮಗು ಒಡೆದದ್ದಕ್ಕೆ ಮನೆಯೇ ಹೊಣೆ

ಮಗುವನ್ನು ನೋಡಿಕೊಳ್ಳಲು ಸಂಬಳಕ್ಕೆ ಬರುವ ಮಹಿಳೆಯ ಸ್ವಂತ ವಸ್ತುವನ್ನು ಅದೇ ಮಗು ಒಡೆದರೆ, ಹರಿದರೆ ಅಥವಾ ನೀರಿಗೆ ಹಾಕಿದರೆ ಆ ನಷ್ಟವನ್ನು ಯಾರು ತುಂಬಿಕೊಡಬೇಕು ಎಂಬ ಪ್ರಶ್ನೆಗೆ ಮನೆಗಳ ತಿಂಗಳ ಲೆಕ್ಕದಲ್ಲಿ ಜಾಗವೇ ಇರುವುದಿಲ್ಲ. ಹಾಲು, ಗ್ಯಾಸ್, ಶಾಲೆಯ ಶುಲ್ಕ, ಸಂಬಳ ಎಂದು ಒಂದೊಂದಕ್ಕೂ ಒಂದು ಬಾಬತ್ತು ಇದ್ದರೂ ಈ ನಷ್ಟ ಮಾತ್ರ ಆ ಮಹಿಳೆಯ ದುರದೃಷ್ಟದ ಖಾತೆಗೆ ಸೇರಿಬಿಡುತ್ತದೆ. ಆದರೆ ಅದು ಮಗುವನ್ನು ಬೆಳೆಸುವ ಖರ್ಚಿನದೇ ಭಾಗವಾದುದರಿಂದ, ಮನೆಯವರೇ ಅದನ್ನು ಸಂಬಳದಿಂದ ಪ್ರತ್ಯೇಕವಾಗಿ, ಮರಳಿ ಕೇಳದಂತೆ ಕೊಡಬೇಕೆಂಬುದು ಈ ಬರಹದ ನಿಲುವು.

ಶಿವಮೊಗ್ಗದ ವಿನೋಬನಗರ, ಗೋಪಾಳ, ಸವಳಂಗ ರಸ್ತೆಯ ಬಡಾವಣೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಿಗೆ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯಿಂದಲೂ ಮಹಿಳೆಯರು ಬರುತ್ತಾರೆ. 2015ರಲ್ಲಿ ಅಲ್ಲಿನ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ ನಿಂತ ಮೇಲೆ ಜನ್ನಾಪುರ, ಹೊಸಮನೆ, ಕಾಗದನಗರಗಳ ಎಷ್ಟೋ ಕುಟುಂಬಗಳಿಗೆ ಇಂಥ ಸಂಬಳವೂ ಆಸರೆಯಾಗಿದೆ. ಹೀಗೆ ಬರುವವರ ಕೈಯಲ್ಲಿರುವ ಮೊಬೈಲ್ ಮೋಜಿನ ವಸ್ತುವಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ಸಂದೇಶ, ಆಧಾರ್‌ನ ಒಟಿಪಿ, ತರಕಾರಿಯವನಿಗೆ ಮಾಡುವ ಪಾವತಿ, ಊರಿನಲ್ಲಿ ಬಿಟ್ಟುಬಂದ ಸ್ವಂತ ಮಕ್ಕಳ ಕರೆ ಎಲ್ಲವೂ ಅದೇ ಪರದೆಯ ಮೇಲೆ ಬರುವುದರಿಂದ, ಅದು ಒಡೆದ ದಿನವೇ ಸಾಲ ಮಾಡಿಯಾದರೂ ಸರಿಪಡಿಸಬೇಕಾಗುತ್ತದೆ.

ಕಾನೂನು ಈ ವಿಷಯದಲ್ಲಿ ನೇರ ಉತ್ತರ ಕೊಡುವುದಿಲ್ಲ. ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಆದ ಹಾನಿಗೆ ಹಣದ ಪರಿಹಾರ ಕೊಡಿಸುವ ಶಾಖೆಗೆ ಅಪಕೃತ್ಯ ಕಾನೂನು ಎಂದು ಹೆಸರು; ಭಾರತದಲ್ಲಿ ಅದು ಒಂದೇ ಸಮಗ್ರ ಕಾಯಿದೆಯ ರೂಪದಲ್ಲಿಲ್ಲ, ಬಹುಪಾಲು ನ್ಯಾಯಾಲಯಗಳ ತೀರ್ಪುಗಳಲ್ಲಿದೆ. ಅದರ ಪ್ರಕಾರ ತಂದೆತಾಯಿ ಎಂಬ ಒಂದೇ ಕಾರಣಕ್ಕೆ ಅವರು ಮಗು ಮಾಡಿದ ಹಾನಿಗೆ ಹೊಣೆಯಾಗುವುದಿಲ್ಲ. ಅವರದೇ ಅಜಾಗ್ರತೆ ಸಾಬೀತಾಗಬೇಕು. ಫ್ರಾನ್ಸ್‌ನ ನಾಗರಿಕ ಸಂಹಿತೆ ಮಕ್ಕಳು ಮಾಡಿದ ಹಾನಿಯನ್ನು ತಂದೆತಾಯಿಯ ಮೇಲೆಯೇ ಹೊರಿಸುತ್ತದೆ; ಇಲ್ಲಿ ಹಾಗಿಲ್ಲ. ಇದರ ಜೊತೆಗೆ, ಹಾನಿಯಾದ ಹೊತ್ತಿನಲ್ಲಿ ಮಗುವಿನ ಮೇಲೆ ಕಣ್ಣಿಡಬೇಕಾದವರು ಆ ಮಹಿಳೆಯೇ ಆಗಿದ್ದರಿಂದ, ‘ನೀವೇ ನೋಡಿಕೊಳ್ಳಬೇಕಿತ್ತಲ್ಲ’ ಎಂಬ ಮಾತು ನಷ್ಟವನ್ನು ಸುತ್ತಿ ಬಳಸಿ ಅವರ ಕೊರಳಿಗೇ ತಂದು ಕಟ್ಟುತ್ತದೆ.

ಈ ವಾದ ನಿಲ್ಲುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 222ನೇ ಕಲಮಿನಂತೆ, ಯಜಮಾನನ ಪರವಾಗಿ ಅಧಿಕಾರ ಪಡೆದು ಕೆಲಸ ಮಾಡುವ ಏಜೆಂಟನು ಆ ಅಧಿಕಾರದೊಳಗೆ ಮಾಡಿದ ಕಾನೂನುಬದ್ಧ ಕೆಲಸದಿಂದ ಅವನಿಗೆ ಬರುವ ನಷ್ಟವನ್ನು ಯಜಮಾನನು ತುಂಬಿಕೊಡಬೇಕು. ಮಗು ನೋಡಿಕೊಳ್ಳುವವರು ನೌಕರರೇ ಹೊರತು ಏಜೆಂಟರಲ್ಲವಾದ ಕಾರಣ ಈ ಕಲಮು ಅವರಿಗೆ ನೇರವಾಗಿ ಅನ್ವಯಿಸದಿದ್ದರೂ, ಕೆಲಸದ ಲಾಭ ಯಾರಿಗೋ ಆ ಕೆಲಸದ ಅಪಾಯವೂ ಅವರಿಗೇ ಎಂಬ ನ್ಯಾಯ ಎರಡು ಕಡೆಯೂ ಒಂದೇ. ಎರಡು ವರ್ಷದ ಮಗು ಕನ್ನಡಕವನ್ನು ಕಿತ್ತೆಳೆಯುವುದು ನೋಡಿಕೊಳ್ಳುವವರ ನಿರ್ಲಕ್ಷ್ಯದ ಗುರುತಲ್ಲ. ಅಂಥ ಮಗುವನ್ನು ಎತ್ತಿಕೊಳ್ಳುವುದೇ ಅವರಿಗೆ ಒಪ್ಪಿಸಿದ ಕೆಲಸ.

ಇದಕ್ಕೆ ಪ್ರತಿಯಾಗಿ, ನೌಕರರು ಮಾಲೀಕರ ವಸ್ತುವನ್ನು ಹಾಳುಮಾಡಿದರೆ ಏನು ಮಾಡಬೇಕೆಂಬುದನ್ನು ಕಾನೂನು ಬಹಳ ಹಿಂದೆಯೇ ಬರೆದಿಟ್ಟಿದೆ. ಕಾರ್ಖಾನೆಗಳಂಥ ಕಡೆ ಅನ್ವಯಿಸುವಂತೆ ಮಾಡಿದ 1936ರ ವೇತನ ಪಾವತಿ ಕಾಯಿದೆ, ನೌಕರರ ನಿರ್ಲಕ್ಷ್ಯದಿಂದಲೇ ಹಾನಿಯಾಗಿದ್ದರೆ ಸಂಬಳದಲ್ಲಿ ಕಡಿತಕ್ಕೆ ಅವಕಾಶ ಕೊಟ್ಟಿತಾದರೂ, ಕಡಿತ ನಷ್ಟವನ್ನು ಮೀರಬಾರದು, ನೌಕರರ ಮಾತನ್ನು ಮೊದಲು ಕೇಳಬೇಕು ಎಂಬ ಕಟ್ಟುಪಾಡನ್ನೂ ಹಾಕಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಭದ್ರಾವತಿಯ ಜನರಿಗೆ ಇಂಥ ಕಟ್ಟುಪಾಡು ಹೊಸದೇನಲ್ಲ; ಆದರೆ ಅದೇ ಊರಿನ ಮಹಿಳೆ ಮತ್ತೊಬ್ಬರ ಮನೆಯೊಳಗೆ ದುಡಿಯುವಾಗ ಆ ರಕ್ಷಣೆಯೂ ಇಲ್ಲ, ಅದರ ಎದುರು ಮುಖವಾದ ನಷ್ಟಭರ್ತಿಯೂ ಇಲ್ಲ. ಕರ್ನಾಟಕ 2004ರಲ್ಲಿ ಮನೆಕೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ್ದು ದೊಡ್ಡ ಹೆಜ್ಜೆಯೇ ಆದರೂ ಅದು ಸಂಬಳದ ಮಾತಾಯಿತೇ ಹೊರತು ವಸ್ತುಗಳ ಮಾತಾಗಲಿಲ್ಲ.

ವಿಮೆಯೂ ಇಲ್ಲಿ ನೆರವಾಗುವುದಿಲ್ಲ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ಪ್ರವಾಹ, ಭೂಕಂಪದಂಥ ಅನಾಹುತಗಳಿಂದ ಪಾಲಿಸಿದಾರರ ಮನೆಗೂ ಮನೆಯ ಸಾಮಾನಿಗೂ ಆಗುವ ನಷ್ಟಕ್ಕೆ ಮೀಸಲು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದ ಸಾವಿಗೆ ಹಾಗೂ ಅಂಗವೈಕಲ್ಯಕ್ಕೆ ಮಾತ್ರ. ಹೀಗಾಗಿ ಈ ಹೊರೆಯನ್ನು ಹೊರುವ ಶಕ್ತಿ ಉಳಿಯುವುದು ಸಂಬಳ ಕೊಡುವ ಮನೆಗೇ.

ಈ ಅಂಕಣಕಾರ್ತಿಯ ಮನೆಯಲ್ಲಿ ಭದ್ರಾವತಿಯಿಂದ ಬರುತ್ತಿದ್ದ ಮಹಿಳೆಯ ಕನ್ನಡಕವನ್ನು ಮಗು ಮುರಿದಾಗ ಹೊಸದರ ಹಣವನ್ನು ಅಂದೇ ಮುಂದೆ ಮಾಡಲಾಯಿತಾದರೂ, ಅವರು “ಮಗು ಅಲ್ವಾ ಅಕ್ಕಾ, ಇರ್ಲಿ ಬಿಡಿ” ಎಂದು ಕೈ ಹಿಂದೆಗೆದರು. ಎರಡನೆಯ ಬಾರಿ ಹೇಳಿದ ಮೇಲೂ, ಮುಂದಿನ ಸಂಬಳದಲ್ಲಿ ಮುರಿದುಕೊಳ್ಳುವುದಾದರೆ ಮಾತ್ರ ತೆಗೆದುಕೊಳ್ಳುವೆನೆಂದರು. ಆ ಮಾತಿನಲ್ಲಿ ಮಗುವಿನ ಮೇಲಿನ ಅಕ್ಕರೆ ಎಷ್ಟಿತ್ತೋ ಕೆಲಸ ಕಳೆದುಕೊಳ್ಳುವ ಅಂಜಿಕೆಯೂ ಅಷ್ಟೇ ಇತ್ತೆಂಬುದು ಬಳಿಕದ ಮಾತುಕತೆಯಲ್ಲಿ ಸ್ಪಷ್ಟವಾಯಿತು. ಹಣ ಕೇಳುವ ಭಾರ ನಷ್ಟವಾದವರ ಮೇಲೆ ಬೀಳಬಾರದು, ಕೊಡುವುದು ಕೆಲಸಕ್ಕೆ ಸೇರುವ ದಿನವೇ ಗೊತ್ತಾಗಿರಬೇಕು ಎಂಬ ತೀರ್ಮಾನಕ್ಕೆ ಆ ಮನೆ ಬಂದದ್ದು ಹೀಗೆ.

ಎಷ್ಟು ಕೊಡಬೇಕೆಂಬುದು ಮುಂದಿನ ಪ್ರಶ್ನೆ. ಬಳಸಿದಂತೆಲ್ಲ ವಸ್ತುವಿನ ಬೆಲೆ ಇಳಿಯುವುದಕ್ಕೆ ಲೆಕ್ಕಶಾಸ್ತ್ರದಲ್ಲಿ ಸವಕಳಿ ಎನ್ನುತ್ತಾರೆ. 12,000 ರೂಪಾಯಿಗೆ ಕೊಂಡ ಮೊಬೈಲಿಗೆ ಮೂರು ವರ್ಷದ ಸವಕಳಿ ಕಳೆದು 4,000 ರೂಪಾಯಿ ಕೊಟ್ಟರೆ ಲೆಕ್ಕ ಸರಿಹೋದರೂ ಕೈಗೆ ಮೊಬೈಲ್ ಬರುವುದಿಲ್ಲ, ಉಳಿದ ಹಣಕ್ಕೆ ಆಕೆ ಬಡ್ಡಿ ಕಟ್ಟಬೇಕಾಗುತ್ತದೆ. ಆದ್ದರಿಂದ ರಿಪೇರಿಯಾಗುವುದಾದರೆ ರಿಪೇರಿಯ ಪೂರ್ತಿ ಖರ್ಚನ್ನು, ಆಗದಿದ್ದರೆ ಅದೇ ಕೆಲಸಕ್ಕೆ ಬರುವ ಇನ್ನೊಂದರ ಬೆಲೆಯನ್ನು ಕೊಡುವುದೇ ಸರಿಯಾದ ಅಳತೆ. ಮಗು ಎಳೆದು ಕರಿಮಣಿ ಸರ ಹರಿದರೆ ಅಕ್ಕಸಾಲಿಯ ಕೂಲಿಯ ಜೊತೆಗೆ ಕಳೆದುಹೋದ ಗುಂಡಿನ ಚಿನ್ನದ ಬೆಲೆಯೂ ಸೇರಬೇಕು. ಅದನ್ನು ತೆಗೆದಿಟ್ಟು ಬನ್ನಿ ಎಂದು ಹೇಳುವ ಹಕ್ಕು ಯಾವ ಮನೆಗೂ ಇಲ್ಲ. ಬೇಡವೆಂದರೂ ಮಗುವಿನ ಕೈಗೆ ಮೊಬೈಲ್ ಕೊಟ್ಟಿದ್ದರೆ ನಷ್ಟವನ್ನು ಹಂಚಿಕೊಳ್ಳುವ ಮಾತು ಬರಬಹುದು. ಮಗುವಿಗೆ ಊಟ ಮಾಡಿಸಲು ಅದೇ ಮೊಬೈಲಿನ ಹಾಡು ಮನೆಯವರಿಗೆ ಒಪ್ಪಿಗೆಯಾಗಿದ್ದರೆ ಆ ಮಾತಿಗೂ ಜಾಗವಿಲ್ಲ.

ಕರಾರು ಬಾಯಿಮಾತಿನದಾದರೂ ಊರ್ಜಿತವೇ ಆದುದರಿಂದ ಇದಕ್ಕೆ ಮುದ್ರಾಂಕದ ಕಾಗದ ಬೇಕಿಲ್ಲ. ‘ಮಗುವಿನಿಂದ ನಿಮ್ಮ ವಸ್ತು ಹಾಳಾದರೆ ನಾವು ಕೊಡುತ್ತೇವೆ, ಸಂಬಳದಲ್ಲಿ ಮುರಿಯುವುದಿಲ್ಲ’ ಎಂಬ ಮಾತು ಸಾಕು, ಎರಡು ಸಾಲು ಬರೆದಿಟ್ಟರೆ ಇನ್ನೂ ಒಳ್ಳೆಯದು. ಅದಕ್ಕಾಗಿ ತಿಂಗಳಿಗೆ 300 ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 3,600 ರೂಪಾಯಿ ಕೂಡುತ್ತದೆ. ಕನ್ನಡಕ, ಪರದೆ, ಚಪ್ಪಲಿ, ಮಳೆಗಾಲದ ಕೊಡೆಗಳ ಬಹುಪಾಲು ಖರ್ಚು ಇದರಲ್ಲೇ ಮುಗಿಯುತ್ತದೆ. ಮಾತು ಮುರಿದುಬಿದ್ದ ಕಡೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುವುದರಿಂದ, ಶಿವಮೊಗ್ಗದ ಜಿಲ್ಲಾ ಪ್ರಾಧಿಕಾರವನ್ನಾಗಲಿ ಭದ್ರಾವತಿಯ ತಾಲ್ಲೂಕು ಸಮಿತಿಯನ್ನಾಗಲಿ ಕಾಣಬಹುದು. ಆದರೆ ಒಂದು ಕನ್ನಡಕಕ್ಕಾಗಿ ಯಾರೂ ಆ ಮೆಟ್ಟಿಲು ಹತ್ತುವುದಿಲ್ಲವೆಂಬುದು ಸಂಬಳ ಕೊಡುವವರಿಗೆ ಗೊತ್ತಿರುತ್ತದೆ. ಕೇಳದಿದ್ದರೂ ಕೊಡುವ ಕರ್ತವ್ಯ ಅವರದಾಗುವುದು ಆ ಕಾರಣಕ್ಕೇ.