ಚೆಂಡು ಹುಡುಕಲು ಮೂರೇ ನಿಮಿಷ

ಪ್ರಶ್ನೆ: ನಿಪ್ಪಾಣಿಯವನು, ಬೆಂಗಳೂರಿನಲ್ಲಿ ಕೆಲಸ. ಕಂಪನಿಯ ಗಾಲ್ಫ್ ಲೀಗ್‌ಗೆ ಸೇರಿದ್ದೇನೆ. ಕಳೆದ ಚೆಂಡು ಹುಡುಕುತ್ತಿದ್ದರೆ ಜೊತೆಯವರು ಗೊಣಗುತ್ತಾರೆ. ನನ್ನ ತಪ್ಪೇನು?

ಉತ್ತರ: ಅವರು ಗೊಣಗುವುದರಲ್ಲಿ ಅರ್ಥವಿದೆ. ಹುಡುಕುವ ಅವಧಿ 2019ರಲ್ಲಿ 5 ನಿಮಿಷದಿಂದ 3ಕ್ಕೆ ಇಳಿಯಿತು. ಅಷ್ಟರಲ್ಲಿ ಸಿಗದಿದ್ದರೆ ಒಂದು ಹೊಡೆತದ ದಂಡ ಸೇರಿಸಿಕೊಂಡು, ಮೊದಲು ಹೊಡೆದ ಜಾಗಕ್ಕೇ ವಾಪಸು ನಡೆಯಬೇಕು. ಹಿಂದಿನ ತಂಡ ಕಾಯುತ್ತ ನಿಂತಿರುತ್ತದೆ.

ಹಾಗಾಗಿ ಚೆಂಡು ಪೊದೆಗೆ ಹೋಯಿತೆಂಬ ಅನುಮಾನ ಬಂದರೆ, ಹುಡುಕಲು ಹೊರಡುವ ಮೊದಲೇ ‘ಇದು ಪ್ರಾವಿಜನಲ್’ (ತಾತ್ಕಾಲಿಕ ಚೆಂಡು) ಎಂದು ಬಾಯಿಬಿಟ್ಟು ಹೇಳಿ ಇನ್ನೊಂದು ಹೊಡೆದಿಡಿ. ಹೇಳದೆ ಹೊಡೆದಿರೋ, ಅದೇ ಆಟದ ಚೆಂಡು. ಮೊದಲನೆಯದು ಸಿಕ್ಕರೂ ಉಪಯೋಗವಿಲ್ಲ. ಎರಡಕ್ಕೂ ಬೇರೆ ಬೇರೆ ಗುರುತು ಹಾಕಿ. ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ತಪ್ಪು ಚೆಂಡು ಹೊಡೆದರೆ 2 ಹೊಡೆತದ ದಂಡ.

ಅಂಗಳದ ಶಿಷ್ಟಾಚಾರವೂ ಇದೆ: ಬಂಕರ್‌ನಿಂದ ಹೊರಬರುವಾಗ ಮರಳನ್ನು ರೇಕ್‌ನಿಂದ ಸವರಿ. ಗ್ರೀನ್ ಮೇಲೆ ಚೆಂಡು ಬಿದ್ದು ಆದ ಕುಳಿಯನ್ನು ಅಂಚಿನಿಂದ ಒಳಕ್ಕೆ ಒತ್ತಿ. ಕೆಳಗಿನಿಂದ ಮೀಟಿದರೆ ಬೇರು ಹರಿಯುತ್ತದೆ. ನಿಪ್ಪಾಣಿಯ ತಂಬಾಕಿನ ಸಸಿ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೆಂಡು ಜನರತ್ತ ಹಾರಿದರೆ ‘ಫೋರ್!’ ಎಂದು ಕೂಗಿ. ಸಂಕೋಚ ಬೇಡ, ಸಂತೆಯ ದನಿಯೇ ಇರಲಿ.

1876ರ ಬೆಂಗಳೂರು ಗಾಲ್ಫ್ ಕ್ಲಬ್‌ನಂಥ ಹಳೆಯ ಅಂಗಳವಾದರೆ ಉಡುಪಿನ ನಿಯಮ ಮೊದಲೇ ಕೇಳಿಕೊಳ್ಳಿ. ಲೀಗ್‌ನ ಸ್ಥಳೀಯ ನಿಯಮವನ್ನೂ ನೋಡಿ: ಕೆಲವೆಡೆ 2 ಹೊಡೆತದ ದಂಡ ತೆತ್ತು, ವಾಪಸು ನಡೆಯದೆ ಮುಂದೆಯೇ ಚೆಂಡು ಹಾಕಿಕೊಂಡು ಆಡಬಹುದು.